ಕಾಸರಗೋಡಿನ ನೋವು ಚಿಕಿತ್ಸಾಲಯ: ವಿವರಣೆ ಉತ್ತಮ, ಕನ್ನಡದ ಕೈಪತ್ರ ಇಲ್ಲ

ಮಧುಮೇಹದಿಂದ ನರಗಳು ಹಾಳಾಗಿ, ರಾತ್ರಿ ಅಂಗಾಲು ಉರಿದು ನಿದ್ದೆಗೆಡುತ್ತಿದ್ದ ನಮ್ಮ ತಾಯಿಯವರನ್ನು ಬದಿಯಡ್ಕದಿಂದ ಕಾಸರಗೋಡು ಪೇಟೆಯ ಖಾಸಗಿ ನೋವು ಚಿಕಿತ್ಸಾಲಯವೊಂದಕ್ಕೆ ಕರೆದೊಯ್ದಿದ್ದೆವು. ವೈದ್ಯರು ಡುಲೋಕ್ಸೆಟಿನ್ ಬರೆದರು. ಅದು ಖಿನ್ನತೆಗೂ ಕೊಡುವ ಮಾತ್ರೆ ಎಂದು ತಿಳಿದಿದ್ದ ತಾಯಿಯವರು, “ನನಗೆ ಮನಸ್ಸಿನ ಕಾಯಿಲೆ ಇಲ್ಲ ಡಾಕ್ಟ್ರೇ, ಕಾಲುರಿಗೆ ಈ ಮಾತ್ರೆ ಎಂತಕ್ಕೆ?” ಎಂದು ಕೇಳಿಯೇಬಿಟ್ಟರು.

ವೈದ್ಯರು ಬೇಸರಿಸದೆ, ಚೀಟಿಯ ಹಿಂಬದಿಯಲ್ಲಿ ಬೆನ್ನುಹುರಿಯ ಅಡ್ಡಸೀಳು ಬರೆದು ಕನ್ನಡದಲ್ಲೇ ವಿವರಿಸಿದರು. ಕಾಲಿನ ನೋವಿನ ಸಂಕೇತ ಬೆನ್ನುಹುರಿಯ ಹಿಂಭಾಗವನ್ನು ತಲುಪಿ ಅಲ್ಲಿಂದ ಮಿದುಳಿಗೆ ಏರುತ್ತದೆ; ಮಿದುಳುಕಾಂಡದ ರಾಫೆ ಮ್ಯಾಗ್ನಸ್ ಎಂಬ ನರಕೋಶಗಳ ಗುಂಪಿನಿಂದ ಕೆಳಗಿಳಿಯುವ ತಂತುಗಳು ಅದೇ ಜಾಗದಲ್ಲಿ ಸೆರೊಟೋನಿನ್ ಎಂಬ, ನರಗಳ ನಡುವೆ ಸಂದೇಶ ಒಯ್ಯುವ ರಾಸಾಯನಿಕವನ್ನು ಬಿಡುಗಡೆ ಮಾಡಿ, ಏರುವ ಸಂಕೇತವನ್ನು ತಗ್ಗಿಸಬಲ್ಲವು. ಬೆನ್ನುಹುರಿಯಲ್ಲಿರುವ ಸೆರೊಟೋನಿನ್‌ನ ಬಹುಪಾಲು ಹೀಗೆ ಮೇಲಿನಿಂದ ಬಂದದ್ದೇ. ಮಿದುಳಿಗೆ ನೋವನ್ನು ತಾನೇ ತಡೆಯುವ ಶಕ್ತಿಯಿದೆ ಎಂಬುದಕ್ಕೆ 1969ರಲ್ಲೇ ಬಲವಾದ ಆಧಾರ ದೊರಕಿತ್ತು: ರೆನಾಲ್ಡ್ಸ್ ಎಂಬ ವಿಜ್ಞಾನಿ ಇಲಿಗಳ ನಡುಮಿದುಳಿಗೆ ಸಣ್ಣ ಪ್ರಮಾಣದ ವಿದ್ಯುತ್ ಹಾಯಿಸಿ, ಅರಿವಳಿಕೆ ಔಷಧವಿಲ್ಲದೆ ಅವುಗಳ ಹೊಟ್ಟೆಯ ಶಸ್ತ್ರಚಿಕಿತ್ಸೆ ಮಾಡಿದ್ದರು.

ನನಗೆ ಬಹಳ ಮೆಚ್ಚುಗೆಯಾದದ್ದು, ಅವರು ವಿಷಯವನ್ನು ಅತಿಯಾಗಿ ಸರಳಗೊಳಿಸದಿದ್ದದ್ದು. ಸೆರೊಟೋನಿನ್ ನರಕೋಶದ ಮೇಲಿನ ಯಾವ ಗ್ರಾಹಕಕ್ಕೆ (ಅದನ್ನು ಹಿಡಿದುಕೊಳ್ಳುವ ಅಣುವಿಗೆ) ಅಂಟುತ್ತದೆ ಎಂಬುದರ ಮೇಲೆ ಪರಿಣಾಮ ನಿಂತಿದೆ. 5-ಎಚ್‌ಟಿ1 ಗುಂಪಿನ ಗ್ರಾಹಕಗಳು ಸಾಮಾನ್ಯವಾಗಿ ನೋವನ್ನು ತಗ್ಗಿಸಿದರೆ, 5-ಎಚ್‌ಟಿ3 ಎಂಬ ಗ್ರಾಹಕ ಅದನ್ನು ಹೆಚ್ಚಿಸಲೂಬಹುದು. ಸೆರೊಟೋನಿನ್ ಒಂದನ್ನೇ ಹೆಚ್ಚಿಸುವ ಮಾತ್ರೆಗಳು ನರನೋವಿಗೆ ಅಷ್ಟಾಗಿ ನಾಟದಿರುವುದಕ್ಕೆ ಇದೂ ಒಂದು ಕಾರಣವೆಂದೂ, ಡುಲೋಕ್ಸೆಟಿನ್ ಸೆರೊಟೋನಿನ್ ಜೊತೆಗೆ ನೋರ್‌ಅಡ್ರಿನಲಿನ್ ಎಂಬ ಇನ್ನೊಂದು ಸಂದೇಶವಾಹಕ ರಾಸಾಯನಿಕವನ್ನೂ ಹೆಚ್ಚಿಸುವುದರಿಂದ ಹೆಚ್ಚು ಉಪಯುಕ್ತವೆಂದೂ ತಿಳಿಸಿದರು. ಇಷ್ಟು ಕೇಳಿದ ಮೇಲೆ ತಾಯಿಯವರು ಹಿಂಜರಿಯದೆ ಮಾತ್ರೆ ನುಂಗಿದರು. ಆರಂಭದಲ್ಲಿ ವಾಕರಿಕೆ ಕಾಡಿತು. ಊಟದ ನಂತರ ತೆಗೆದುಕೊಳ್ಳತೊಡಗಿದ ಮೇಲೆ ಅದು ಕಡಿಮೆಯಾಯಿತು. ಉರಿ ಪೂರ್ತಿ ಹೋಗಿಲ್ಲ, ಆದರೆ ಈಗ ನಿದ್ದೆ ಬರುತ್ತದೆ.

ಕಾಯುವ ಕೋಣೆ ಇಕ್ಕಟ್ಟು, ಶುಲ್ಕ ಹೊರೆಯೇನಲ್ಲ. ಗಂಭೀರ ಕೊರತೆ ಒಂದೇ: ಔಷಧದ ಬಗೆಗಿನ ಕೈಪತ್ರ ಮಲಯಾಳ ಮತ್ತು ಇಂಗ್ಲಿಷಿನಲ್ಲಿ ಮಾತ್ರ ಇದೆ. ಟ್ರಮಡಾಲ್ ಎಂಬ ನೋವುನಿವಾರಕದ ಜೊತೆ ಈ ಮಾತ್ರೆ ಸೇರಿದರೆ ಸೆರೊಟೋನಿನ್ ಮಿತಿಮೀರಿ ನಡುಕ, ಜ್ವರ, ಗೊಂದಲ ಉಂಟಾಗಬಹುದೆಂಬ ಎಚ್ಚರಿಕೆಯೂ, ಮಾತ್ರೆಯನ್ನು ಥಟ್ಟನೆ ನಿಲ್ಲಿಸಬಾರದೆಂಬ ಸೂಚನೆಯೂ ಅದರಲ್ಲಿವೆ. ಕನ್ನಡ ಶಾಲೆಯಲ್ಲಿ ಓದಿದ ನಮ್ಮ ಹಿರಿಯರಿಗೆ ಅವನ್ನು ಓದಲಾಗದು. ಅಲ್ಲಿಗೆ ಹೋಗುವವರು ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ ಕೊಂಡೊಯ್ದು ವೈದ್ಯರಿಗೆ ತೋರಿಸಿ, ಎಚ್ಚರಿಕೆಗಳನ್ನು ಕನ್ನಡದಲ್ಲಿ ಬರೆಸಿಕೊಂಡು ಬರಬೇಕು.