ಇಂಜಿನ್ ಬದಲಿಸಿದ ಮೇಲೆ ಏಸಿ ಕೈಕೊಟ್ಟಿತಾ? ಗ್ಯಾಸ್ ತುಂಬಿಸುವ ಮೊದಲು ಇದನ್ನು ಓದಿ

ಮೊದಲ ತಪ್ಪು ನನ್ನದೇ. ಜುಲೈನ ಒಂದು ಭಾನುವಾರ ಮಂಗಳೂರಿನಿಂದ ಬೆಂಗಳೂರಿಗೆ ಹೊರಟಿದ್ದೆ. ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತುವಾಗ ಟೆಂಪರೇಚರ್ ಮುಳ್ಳು ಮೇಲೇರಿತು. ಹೊರಗೆ ಜಡಿಮಳೆ. ಇಷ್ಟು ತಂಪಿನಲ್ಲಿ ಇಂಜಿನ್ ಎಲ್ಲಿ ಬಿಸಿಯಾಗುತ್ತೆ, ಮುಳ್ಳೇ ಕೆಟ್ಟಿರಬೇಕು ಅಂದುಕೊಂಡು ಓಡಿಸಿದೆ. ಸಕಲೇಶಪುರ ಮುಟ್ಟಲಿಲ್ಲ. ಕೂಲೆಂಟ್ ಹೋಸ್ ಒಡೆದು ನೀರೆಲ್ಲ ಖಾಲಿಯಾಗಿತ್ತು, ಇಂಜಿನ್ ಜಾಮ್. 2013ರ ನನ್ನ ಡೀಸೆಲ್ ಕಾರು ಟೋಯಿಂಗ್ ಗಾಡಿ ಮೇಲೆ ಕೂತು ಮಂಗಳೂರಿಗೆ ವಾಪಸ್ ಬಂತು.

ಹಳೆ ಇಂಜಿನ್ನಿನ ಸಿಲಿಂಡರ್ ಕೊರೆಸಿ ಬೋರ್ ಮಾಡಿಸುವುದಕ್ಕಿಂತ ಸೆಕೆಂಡ್ ಹ್ಯಾಂಡ್ ಇಂಜಿನ್ ಹಾಕಿಸುವುದೇ ವಾಸಿ ಅಂತ ಗ್ಯಾರೇಜಿನವರು ಹೇಳಿದರು. ಲೆಕ್ಕ ಹಾಕಿದಾಗ ನನಗೂ ಹೌದೆನಿಸಿತು. (ಇಂಜಿನ್ ಬದಲಾದರೆ ಆರ್‌ಸಿಯಲ್ಲಿ ನಂಬರ್ ಕೂಡ ಬದಲಾಗಬೇಕು. ಆ ಇಂಜಿನ್ನಿನ ಬಿಲ್ಲು, ಕಾಗದ ಇಲ್ಲದೆ ಆರ್‌ಟಿಒ ಕಡೆ ತಲೆ ಹಾಕಬೇಡಿ.) ಇಂಜಿನ್ ಬಗ್ಗೆ ನನ್ನ ತಕರಾರಿಲ್ಲ, ಈಗಲೂ ಚೆನ್ನಾಗಿಯೇ ಓಡುತ್ತಿದೆ. ತಕರಾರು ಏಸಿಯದ್ದು.

ಬೇರೆ ಇಂಜಿನ್ ಬರಲು 22 ದಿನ ಬೇಕಾಯಿತು. ನಡುವೆ ಒಂದು ದಿನ ನೋಡಿಕೊಂಡು ಬರೋಣ ಅಂತ ಹೋಗಿದ್ದೆ. ಬಾನೆಟ್ ಒಳಗೆ ದೊಡ್ಡ ಗುಂಡಿ. ಪಕ್ಕದಲ್ಲಿ ಏಸಿಯ ಎರಡು ಅಲ್ಯೂಮಿನಿಯಂ ಪೈಪು ನೇತಾಡುತ್ತಿದ್ದವು. ಒಂದರ ಬಾಯಿಗೆ ಗ್ರೀಸ್ ಮೆತ್ತಿದ ಬನಿಯನ್ ವೇಸ್ಟ್ ತುರುಕಿದ್ದರು. ಇನ್ನೊಂದರ ಬಾಯಿ ತೆರೆದೇ ಇತ್ತು. ಶೀಟಿನ ಕೆಳಗೆ ಮಳೆಯ ಇರಿಚಲು ಬರುವ ಜಾಗ ಅದು. ತಂಗಿಗೆ ಕಳಿಸೋಣ ಅಂತ ಸುಮ್ನೆ ಒಂದು ಫೋಟೋ ತೆಗೆದೆ. ಆ ತೆರೆದ ಬಾಯಿಯೇ ನನ್ನ ಜೇಬಿಗೆ ಕತ್ತರಿ ಹಾಕುತ್ತದೆ ಅಂತ ಆಗ ಗೊತ್ತಿರಲಿಲ್ಲ.

ಇಂಜಿನ್ ಇಳಿಸಬೇಕಾದರೆ ಏಸಿ ಪೈಪು ಬಿಚ್ಚಲೇಬೇಕು ಅಂತೇನಿಲ್ಲ. ಎಷ್ಟೋ ಕಾರುಗಳಲ್ಲಿ ಕಂಪ್ರೆಸರ್‌ನ (ಏಸಿ ಗ್ಯಾಸನ್ನು ಒತ್ತಿ ಓಡಿಸುವ ಪಂಪ್) ಬೋಲ್ಟು ಬಿಚ್ಚಿ, ಪೈಪು ಸಮೇತ ಪಕ್ಕಕ್ಕೆ ಹಗ್ಗ ಹಾಕಿ ಕಟ್ಟಿಡಬಹುದು. ಆಗ ಗ್ಯಾಸೂ ಹೋಗುವುದಿಲ್ಲ, ಒಳಗೆ ಗಾಳಿಯೂ ಸೇರುವುದಿಲ್ಲ. ಕಾರು ಬಿಡುವ ದಿನವೇ ಇದನ್ನು ಕೇಳಿ. ಬಿಚ್ಚಲೇಬೇಕು ಅಂದರೆ ಎರಡೂ ಬಾಯಿಗೆ ಕ್ಯಾಪ್ ಹಾಕಿ ಬಿಗಿಯಾಗಿ ಮುಚ್ಚಿಸಿ. ನಾನು ಕೇಳಲಿಲ್ಲ.

ಆಗಸ್ಟ್‌ನಲ್ಲಿ ಕಾರು ಕೈಗೆ ಬಂತು. ಏಸಿ ಸ್ವಿಚ್ ಒತ್ತಿದರೆ ದೀಪ ಹತ್ತುತ್ತದೆ, ಗಾಳಿ ಬರುತ್ತದೆ, ತಂಪಿಲ್ಲ. ಮಳೆಗಾಲದಲ್ಲಿ ಏಸಿ ಯಾಕೆ ಅಂತ ಘಟ್ಟದ ಮೇಲಿನವರು ಕೇಳಬಹುದು. ನಮ್ಮ ಕಡೆ ಏಸಿ ಇಲ್ಲದಿದ್ದರೆ ಮುಂದಿನ ಗಾಜು ಒಳಗಿಂದ ಮಂಜು ಕಟ್ಟಿ ದಾರಿಯೇ ಕಾಣುವುದಿಲ್ಲ. ಒಂದು ಕೈಯಲ್ಲಿ ಸ್ಟೀರಿಂಗ್, ಇನ್ನೊಂದರಲ್ಲಿ ಬಟ್ಟೆ.

"ಗ್ಯಾಸ್ ಖಾಲಿ ಆಗಿದೆ ಸರ್, ತುಂಬಿಸಿದ್ರೆ ಸರಿ ಆಗ್ತದೆ" ಅಂದರು ಗ್ಯಾರೇಜಿನವರು. 1,800 ರೂಪಾಯಿ ಕೊಟ್ಟೆ. ಸರಿ ಆಗಲಿಲ್ಲ. "ಕಂಪ್ರೆಸರ್ ಹೋಗಿದೆ ಸರ್" ಅಂದರು. ಹಳೆಯದನ್ನು ತೆಗೆದು ರಿಪೇರಿ ಮಾಡಿದ ಇನ್ನೊಂದನ್ನು ಕೂರಿಸಿದರು. 9,500, ಮೇಲೆ ಮತ್ತೆ ಗ್ಯಾಸಿಗೆ 1,500. ಆಗಲೂ ಇಲ್ಲ. ಮೂರನೇ ಸಲ "ಇಸಿಎಂ ಪ್ರಾಬ್ಲಂ ಇರ್ಬೇಕು ಸರ್, 18,000 ಆಗ್ತದೆ" ಅಂತ ಇಂಜಿನ್ನಿನ ಕಂಪ್ಯೂಟರ್ ಮೇಲೆ ಹಾಕಿದಾಗ ನನಗೂ ಜ್ಞಾನೋದಯವಾಯಿತು. ಕೀ ಇಸಿದುಕೊಂಡು ಬಂದೆ.

ಆಫೀಸಿನವರೊಬ್ಬರು ಏಸಿ ಕೆಲಸ ಮಾತ್ರ ಮಾಡುವ ಹಿರಿಯರೊಬ್ಬರ ಹತ್ತಿರ ಕಳಿಸಿದರು. ಅವರು ಬಾನೆಟ್ ಎತ್ತುವ ಮೊದಲೇ ಕೇಳಿದ್ದು, "ಇಂಜಿನ್ ಇಳಿಸಿದ್ರಾ ಮಾರಾಯ್ರೆ? ಯಾವಾಗ?"

ಆಮೇಲೆ ಅವರು ಮಾಡಿದ್ದನ್ನು ಪಕ್ಕದಲ್ಲೇ ನಿಂತು ನೋಡಿದೆ. ಇಂಜಿನ್ ಆಫ್ ಇರುವಾಗಲೇ ಎರಡೂ ಪೈಪಿಗೆ ಒತ್ತಡ ಅಳೆಯುವ ಗೇಜ್ ಹಾಕಿದರು. ಎರಡೂ ಮುಳ್ಳು 95ರ ಹತ್ತಿರ ನಿಂತವು. ನನ್ನ ಕಾರಿನಲ್ಲಿರುವುದು ಆರ್134ಎ ಗ್ಯಾಸ್. 30 ಡಿಗ್ರಿ ಸೆಕೆಯಲ್ಲಿ, ಏಸಿ ಓಡದೆ ಇರುವಾಗ, ಆ ಗ್ಯಾಸಿನ ಒತ್ತಡ ಹೆಚ್ಚುಕಡಿಮೆ ಅಷ್ಟೇ ಪಿಎಸ್‌ಐ ಇರಬೇಕಂತೆ. ಭರ್ತಿ ಎಷ್ಟಿದೆ ಅಂತ ಇದರಿಂದ ಗೊತ್ತಾಗುವುದಿಲ್ಲ, ಆದರೆ ಪೂರ್ತಿ ಖಾಲಿ ಅಲ್ಲ ಅನ್ನುವುದಂತೂ ಗೊತ್ತಾಗುತ್ತದೆ. "ಗ್ಯಾಸ್ ಉಂಟು" ಅಂದರು.

ಮುಂದಿನದು ಸದ್ದು. ಏಸಿ ಸ್ವಿಚ್ ಹಾಕಿದಾಗ ಕಂಪ್ರೆಸರ್‌ನ ಕ್ಲಚ್ "ಟಕ್" ಅಂತ ಹಿಡಿಯಬೇಕು. ಪುಲ್ಲಿ ಬೆಲ್ಟಿನ ಜೊತೆ ಯಾವಾಗಲೂ ತಿರುಗುತ್ತಿರುತ್ತದೆ, ಅದನ್ನು ನೋಡಿ ಮೋಸ ಹೋಗಬಾರದು. ಅದರ ಮುಂದಿನ ತಟ್ಟೆ ತಿರುಗಬೇಕು. ನನ್ನದು ಅಲ್ಲಾಡಲಿಲ್ಲ. ಬ್ಯಾಟರಿಯಿಂದ ಒಂದು ವೈರು ಎಳೆದು ನೇರವಾಗಿ ಕ್ಲಚ್ಚಿಗೆ ಮುಟ್ಟಿಸಿದರು. ಟಕ್! ಅಂದರೆ ಕ್ಲಚ್ ಚೆನ್ನಾಗಿದೆ, ಅಲ್ಲಿಗೆ ಕರೆಂಟೇ ಹೋಗುತ್ತಿಲ್ಲ.

ಫ್ಯೂಸ್ ಸರಿ. ರಿಲೇ ಸರಿ. ಮೀಟರ್ ಹಿಡಿದುಕೊಂಡು ವೈರಿನ ಜಾಡಿನಲ್ಲೇ ಬಂದು ಕಂಪ್ರೆಸರ್ ಹತ್ತಿರದ ಕಪ್ಪು ಕನೆಕ್ಟರ್ ಬಿಚ್ಚಿದರು. ಹೊರಗಿಂದ ನೋಡಿದರೆ ಸರಿಯಾಗಿಯೇ ಕೂತಿತ್ತು. ಟಾರ್ಚ್ ಬಿಟ್ಟು ಒಳಗೆ ತೋರಿಸಿದರು. ಹಿತ್ತಾಳೆ ಬಣ್ಣದ ಪಿನ್ ಹಿಂದಕ್ಕೆ ಸರಿದು ಬೆನ್ನು ಕಡೆಯಿಂದ ಇಣುಕುತ್ತಿತ್ತು. ಇಂಜಿನ್ ಕೂರಿಸುವಾಗ ಯಾರೋ ಅವಸರದಲ್ಲಿ ಒತ್ತಿದ್ದು. ಸಣ್ಣ ಚಿಮ್ಮಟದಲ್ಲಿ ಪಿನ್ ಮುಂದಕ್ಕೆ ಎಳೆದು, ಅದರ ಲಾಕ್ ನಾಲಿಗೆ ಎತ್ತಿ ಕೂರಿಸಿದರು. ಐದು ನಿಮಿಷ, 150 ರೂಪಾಯಿ. ತಂಪು ಗಾಳಿ ಬಂತು. ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಹಳೆ ಕಂಪ್ರೆಸರ್‌ಗೆ ಏನೂ ಆಗಿರಲಿಲ್ಲ ಅಲ್ವಾ?

ಫೋಟೋ ತೋರಿಸಿದೆ. ಅವರ ಮುಖ ಸಣ್ಣದಾಯಿತು. "ಇದು ಮತ್ತೆ ಬರ್ತದೆ ನೋಡಿ" ಅಂದರು.

ಬಂತು. ಮರುವಾರ ಉಡುಪಿಗೆ ಹೋಗುವಾಗ ಸುರತ್ಕಲ್ ದಾಟಿ ಸ್ವಲ್ಪ ದೂರ ಒಳ್ಳೆಯ ತಂಪು. ಆಮೇಲೆ ಇದ್ದಕ್ಕಿದ್ದಂತೆ ಬೆಚ್ಚಗಿನ ಗಾಳಿ. ಏಸಿ ಆಫ್ ಮಾಡಿ ಹತ್ತು ನಿಮಿಷ ಬಿಟ್ಟು ಹಾಕಿದರೆ ಮತ್ತೆ ತಂಪು. ಮತ್ತೆ ಅದೇ ಆಟ. ಹೀಗೆ ಬಿಟ್ಟು ಬಿಟ್ಟು ಕೆಲಸ ಮಾಡಿದರೆ ಪೈಪಿನೊಳಗೆ ನೀರಿನ ಪಸೆ ಸೇರಿದೆಯಾ ಅಂತ ಅನುಮಾನ ಪಡಬೇಕು. ಗ್ಯಾಸ್ ಹಿಗ್ಗಿ ತಣ್ಣಗಾಗುವ ಜಾಗವಾದ ಎಕ್ಸ್‌ಪಾನ್ಷನ್ ವಾಲ್ವಿನ ಸಣ್ಣ ತೂತಿನಲ್ಲಿ ಆ ಪಸೆ ಐಸಾಗಿ ದಾರಿ ಕಟ್ಟುತ್ತದೆ. ಕರಗಿದರೆ ದಾರಿ ಬಿಡುತ್ತದೆ. ಮತ್ತೆ ಆ ಹಿರಿಯರ ಹತ್ತಿರ ಹೋದೆ. ಅವರು ಗೇಜ್ ಹಾಕಿ ಇಂಜಿನ್ ಓಡಿಸಿ ಕಾದರು. ತಂಪು ನಿಂತ ಹೊತ್ತಿಗೆ ಸರಿಯಾಗಿ ನೀಲಿ ಗೇಜಿನ (ಕಡಿಮೆ ಒತ್ತಡದ ಕಡೆಯದು) ಮುಳ್ಳು ಸೊನ್ನೆಗಿಂತ ಕೆಳಗೆ, ವ್ಯಾಕ್ಯೂಮಿಗೆ ಇಳಿಯಿತು.

ಏಸಿಯಲ್ಲಿ ಡ್ರೈಯರ್ ಅಂತ ಒಂದಿರುತ್ತದೆ, ಒಳಗೆ ಪಸೆ ಹೀರುವ ಕಾಳು. ಲೈನ್ ತೆರೆದಿಟ್ಟರೆ ಕಾಳು ಗಾಳಿಯ ತೇವ ಹೀರಿ ಹೊಟ್ಟೆ ತುಂಬಿಸಿಕೊಳ್ಳುತ್ತದೆ. ಕಂಪ್ರೆಸರ್ ಎಣ್ಣೆಯೂ ತೇವ ಎಳೆಯುತ್ತದೆ. ಮಂಗಳೂರಿನ ಮಳೆಗಾಲದಲ್ಲಿ 22 ದಿನ ತೆರೆದಿಟ್ಟ ಮೇಲೆ ಡ್ರೈಯರ್ ಬದಲಿಸಲೇಬೇಕಿತ್ತು. ಗ್ಯಾರೇಜಿನವರು ಡ್ರೈಯರ್ ಬದಲಿಸಿರಲಿಲ್ಲ, ವ್ಯಾಕ್ಯೂಮ್ ಕೂಡ ಮಾಡಿರಲಿಲ್ಲ, ಅಂದರೆ ಪಂಪಿನಿಂದ ಒಳಗಿನ ಗಾಳಿ, ಪಸೆ ಎಳೆದು ತೆಗೆದಿರಲಿಲ್ಲ. ಎರಡು ಸಲವೂ ಡಬ್ಬಿಯಿಂದ ಗ್ಯಾಸ್ ಬಿಟ್ಟು, ಪೈಪು ಮುಟ್ಟಿ ನೋಡಿ "ಆಯ್ತು" ಅಂದಿದ್ದರು.

ಈ ಹಿರಿಯರು ಡ್ರೈಯರ್ ಬದಲಿಸಿದರು. ಪೈಪಿನ ಜಾಯಿಂಟುಗಳಲ್ಲಿ ಚಪ್ಪಟೆಯಾಗಿದ್ದ ಹಳೆ ಓ ರಿಂಗ್ (ಲೀಕ್ ತಡೆಯುವ ರಬ್ಬರ್ ಬಳೆ) ತೆಗೆದು ಹಸಿರು ಬಣ್ಣದ ಹೊಸದು ಹಾಕಿದರು. ಒಂದು ಗಂಟೆ ವ್ಯಾಕ್ಯೂಮ್ ಪಂಪ್ ಓಡಿಸಿದರು. ನಿಲ್ಲಿಸಿದ ಮೇಲೆ ಅರ್ಧ ಗಂಟೆ ಮುಳ್ಳು ಏರುತ್ತದಾ, ಅಂದರೆ ಎಲ್ಲಾದರೂ ಲೀಕ್ ಇದೆಯಾ ಅಂತ ಕಾದರು. ಆಮೇಲೆ ಬಾನೆಟ್ ಕೆಳಗಿನ ಸ್ಟಿಕ್ಕರ್ ಓದಿ, ಅದರಲ್ಲಿ ಬರೆದಷ್ಟೇ ಗ್ರಾಂ ಗ್ಯಾಸನ್ನು ತಕ್ಕಡಿಯಲ್ಲಿ ತೂಗಿ ತುಂಬಿಸಿದರು. ಜಾಸ್ತಿಯಾದರೂ ತಂಪು ಕಡಿಮೆಯಾಗುತ್ತದೆ ಅಂತ ನನಗೆ ಅವತ್ತೇ ಗೊತ್ತಾಗಿದ್ದು. ಎಲ್ಲ ಸೇರಿ 4,200.

ನಿಮ್ಮ ಕಾರಿನ ಲಕ್ಷಣ ಬೇರೆ ಇರಬಹುದು. ಓಡುವಾಗ ತಂಪು, ಸಿಗ್ನಲ್ಲಿನಲ್ಲಿ ನಿಂತಾಗ ಬಿಸಿ ಅಂದರೆ ಮೊದಲು ಮುಂದಿನ ಫ್ಯಾನ್ ತಿರುಗುತ್ತಿದೆಯಾ ನೋಡಿ. ಇಂಜಿನ್ ಇಳಿಸುವಾಗ ಅದರ ವೈರನ್ನೂ ಬಿಚ್ಚಿರುತ್ತಾರೆ. ಯಾವುದೇ ಇರಲಿ, ಗೇಜ್ ಹಾಕದೆ "ಗ್ಯಾಸ್ ಖಾಲಿ" ಅನ್ನುವವರ ಕೈಗೆ ದುಡ್ಡು ಕೊಡಬೇಡಿ. ತೆಗೆದ ಪಾರ್ಟನ್ನು ಅವತ್ತೇ ಇಸಿದುಕೊಳ್ಳಿ.

ಫೋಟೋ ಹಿಡಿದು ಹಳೆಯ ಗ್ಯಾರೇಜಿಗೆ ಹೋಗಿದ್ದೆ. ಮಾಲೀಕರು ಬಹಳ ಹೊತ್ತು ನೋಡಿದರು. ಎರಡನೇ ಸಲದ ಗ್ಯಾಸಿನ 1,500 ವಾಪಸ್ ಕೊಟ್ಟರು. ನನ್ನ ಕಂಪ್ರೆಸರ್ ಎಲ್ಲಿ ಅಂತ ಕೇಳಿದೆ. "ಅದು ಗುಜರಿಗೆ ಹೋಯ್ತು ಸರ್" ಅಂದರು.