ಹ್ಯಾಂಡಲ್ ಬದಲಿಸಿದ ಮೇಲೆ ಉಳಿದ ಕನೆಕ್ಟರ್ ‘ಖಾಲಿಯದು’ ಎಂದರೆ ನಂಬಬೇಡಿ

ಬೈಕಿನ ಹ್ಯಾಂಡಲ್ ಬದಲಿಸುವಾಗ ಅದರ ತಂತಿಗಳನ್ನು ಕೂಡಿಸುವ ಪ್ಲಗ್‌ಗಳನ್ನು, ಅಂದರೆ ಕನೆಕ್ಟರ್‌ಗಳನ್ನು, ಬಿಚ್ಚಬೇಕಾಗುತ್ತದೆ. ಕೆಲಸ ಮುಗಿಸಿದ ಮೆಕ್ಯಾನಿಕ್, “ಹೆಡ್‌ಲೈಟಿನ ಒಳಗೆ ಎರಡು ಕನೆಕ್ಟರ್ ಉಳಿದಿವೆ, ಅವು ಕಂಪನಿಯಿಂದಲೇ ಖಾಲಿ ಬಂದಿರುತ್ತವೆ” ಎಂದರೆ ದಯವಿಟ್ಟು ಗಾಡಿ ತೆಗೆದುಕೊಂಡು ಹೊರಡಬೇಡಿ. ನನ್ನ ತಮ್ಮನ ಬೈಕಿಗೆ ಎತ್ತರದ ಹ್ಯಾಂಡಲ್ ಹಾಕಿದ ಗ್ಯಾರೇಜಿನವರು ಹೇಳಿದ್ದೂ ಇದನ್ನೇ. ಅವುಗಳಲ್ಲಿ ಒಂದು ನಿಜಕ್ಕೂ ಖಾಲಿಯದು. ಇನ್ನೊಂದು ಮುಂದಿನ ಬ್ರೇಕ್ ಲಿವರಿನ ಸ್ವಿಚ್ಚಿನದು, ಲಿವರ್ ಹಿಡಿದಾಗ ಹಿಂದಿನ ಕೆಂಪು ದೀಪ ಉರಿಸುವಂಥದ್ದು.

ಹಿಂದಿನ ಬ್ರೇಕ್ ತುಳಿದರೆ ಕೆಂಪು ದೀಪ ಉರಿಯುತ್ತಿದ್ದುದರಿಂದ ಯಾರಿಗೂ ಅನುಮಾನ ಬರಲಿಲ್ಲ. ಚಾರ್ಮಾಡಿ ಘಾಟಿಯ ಇಳಿಜಾರಿನಲ್ಲಿ ಅವನು ಮುಂದಿನ ಬ್ರೇಕ್ ಹಿಡಿದಾಗ ಹಿಂದಿನ ಕಾರು ನಂಬರ್ ಪ್ಲೇಟಿಗೆ ತಾಗಿ ನಿಂತಿತು. “ಲೈಟೇ ಬರಲಿಲ್ಲವಲ್ಲ!” ಎಂದು ಕಾರಿನವರು ಗದರಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಖಾಲಿ ಕನೆಕ್ಟರ್ ಕೂಡ ಸುಮ್ಮನಿರಲಿಲ್ಲ. ಒಂದೇ ವೈರಿಂಗನ್ನು ಹಲವು ಮಾದರಿಗಳಿಗೆ ಬಳಸುವುದರಿಂದ ಕೆಲವು ಕನೆಕ್ಟರ್‌ಗಳು ಬಳಕೆಗೆ ಬಾರದೆ ಉಳಿಯುತ್ತವೆ, ನಿಜ. ಆದರೆ ಅವುಗಳಲ್ಲೂ ಕರೆಂಟ್ ಇರಬಹುದು. ನಮ್ಮದಕ್ಕೆ ಸುತ್ತಿದ್ದ ಅಗ್ಗದ ಟೇಪಿನ ಅಂಟು ಬಿಸಿಗೆ ಕರಗಿ ಜಾರಿತು, ಬೆತ್ತಲಾದ ಪಿನ್ ಹೆಡ್‌ಲೈಟಿನ ಲೋಹದ ಚಿಪ್ಪಿಗೆ ತಾಗಿತು. ಫ್ಯೂಸ್ ಹಾರಿ, ಮಳೆಯಲ್ಲಿ ಹಾರ್ನೂ ಇಲ್ಲ, ಇಂಡಿಕೇಟರೂ ಇಲ್ಲ.

ಗುರುತಿಸುವುದು ಕಷ್ಟವೇನಲ್ಲ. ಬಿಚ್ಚುವ ಮೊದಲೇ ಪ್ರತಿ ಜೋಡಣೆಯ ಫೋಟೊ ತೆಗೆಯಿರಿ. ಪಿನ್ನನ್ನು ಬೆಳಕಿಗೆ ಹಿಡಿದು ನೋಡಿ: ಸದಾ ಕೂಡಿಕೊಂಡಿದ್ದದ್ದು ಸಾಮಾನ್ಯವಾಗಿ ಫಳಫಳ ಎನ್ನುತ್ತದೆ, ಮೊದಲಿನಿಂದ ತೆರೆದೇ ಇದ್ದದ್ದು ಮಬ್ಬಾಗಿ, ಧೂಳು ಹಿಡಿದಿರುತ್ತದೆ. ತಂತಿಯ ಸಂಪರ್ಕ ಪರೀಕ್ಷಿಸುವ ಮಲ್ಟಿಮೀಟರ್ ಇದ್ದರೆ ಇನ್ನೂ ಖಚಿತ. ಸಂಪರ್ಕ ಸಿಕ್ಕರೆ ಬೀಪ್ ಎನ್ನುವಂತೆ ಅದನ್ನು ಹೊಂದಿಸಿ, ಲಿವರಿನಿಂದ ಬಂದ ತಂತಿಗಳಿಗೆ ಹಿಡಿದು ಲಿವರ್ ಒತ್ತಿ ಬಿಡಿ. ಬೀಪ್ ಬಂದು ಹೋದರೆ ಅದು ಸ್ವಿಚ್ಚಿನ ತಂತಿಯೇ. ಹಲವು ಗಾಡಿಗಳಲ್ಲಿ ಕ್ಲಚ್ ಲಿವರಿನಲ್ಲೂ ಸ್ವಿಚ್ ಇರುತ್ತದೆ, ಮರೆಯಬೇಡಿ. ಹೋಂಡಾ ಗಾಡಿಗಳಲ್ಲಿ ಸಾಮಾನ್ಯವಾಗಿ ಹಸಿರು ತಂತಿ ಅರ್ತ್, ಕಪ್ಪು ತಂತಿಯೆಂದರೆ ಕೀಲಿ ತಿರುಗಿಸಿದಾಗ ಕರೆಂಟ್ ಬರುವಂಥದ್ದು. ಈ ಲೆಕ್ಕ ಬೇರೆ ಕಂಪನಿಗಳಿಗೆ ಹೊಂದುವುದಿಲ್ಲ, ನಿಮ್ಮ ಗಾಡಿಯ ವೈರಿಂಗ್ ನಕ್ಷೆಯನ್ನೇ ನೋಡಿ. ಆಕಾರ ಕೂಡುತ್ತದೆ ಎಂದು ಮಾತ್ರ ಯಾವುದನ್ನೂ ಸಿಕ್ಕಿಸಲು ಬಿಡಬೇಡಿ, ಎರಡೂ ಕಡೆಯ ತಂತಿಗಳ ಬಣ್ಣ ಸಾಮಾನ್ಯವಾಗಿ ಹೊಂದಬೇಕು. ನಿಜಕ್ಕೂ ಖಾಲಿಯಾದದ್ದಕ್ಕೆ ಮುಚ್ಚಳ ಹಾಕಿಸಿ, ಬಾಯಿ ಕೆಳಗೆ ಬರುವಂತೆ ಕಟ್ಟಿಸಿ.

ಹಣ ಕೊಡುವ ಮೊದಲು ಎರಡೂ ಬ್ರೇಕನ್ನು ಬೇರೆ ಬೇರೆಯಾಗಿ ಹಿಡಿದು ಹಿಂದಿನ ದೀಪ ನೋಡಿ. ಇಂಜಿನ್ ಚಾಲೂ ಇಟ್ಟು ಹ್ಯಾಂಡಲನ್ನು ಎರಡೂ ಬದಿಗೆ ಪೂರ್ತಿ ತಿರುಗಿಸಿ. ಇಂಜಿನ್ ನಿಂತರೆ ಅಥವಾ ದೀಪ ಮಿಣುಕಿದರೆ ಎಲ್ಲೋ ತಂತಿ ಎಳೆದುಕೊಳ್ಳುತ್ತಿದೆ, ಹೆಡ್‌ಲೈಟನ್ನು ಅಲ್ಲೇ ಮತ್ತೆ ಬಿಚ್ಚಿಸಿ.