ಟಿಎಫ್ 2ರ ಪೈರೋ: ಯಾವ ಆಯುಧ ಹಿಡಿಯಬೇಕು, ಯಾವುದನ್ನು ಬಿಡಬೇಕು

ವಾಲ್ವ್ ಕಂಪನಿಯ ಶೂಟಿಂಗ್ ಆಟ ಟೀಮ್ ಫೋರ್ಟ್ರೆಸ್ 2 (ಟಿಎಫ್ 2) ಬಂದದ್ದು 2007ರ ಅಕ್ಟೋಬರಿನಲ್ಲಿ. ಅದರ ಒಂಬತ್ತು ಕ್ಲಾಸ್‌ಗಳಲ್ಲಿ (ಆಟಗಾರ ಆರಿಸಿಕೊಳ್ಳುವ ಪಾತ್ರಗಳಲ್ಲಿ) ಬೆಂಕಿ ಕಾರುವ ಪೈರೋವನ್ನು ವಾಲ್ವ್ ಪದೇ ಪದೇ ಬಿಚ್ಚಿ ಜೋಡಿಸಿದೆ. ಆಗ ಪೈರೋ ಹತ್ತಿರ ಇದ್ದದ್ದು ಒಂದು ಫ್ಲೇಮ್‌ಥ್ರೋವರ್, ಒಂದು ಶಾಟ್‌ಗನ್, ಒಂದು ಕೊಡಲಿ ಮಾತ್ರ. ಮೂಲೆಯಲ್ಲಿ ಅಡಗಿ ಕೂರುವುದು, ಯಾರಾದರೂ ಬಂದರೆ ಸುಡುವುದು, ಅಷ್ಟೇ ಕೆಲಸ. 2008ರ ಜೂನ್‌ನಲ್ಲಿ ಏರ್‌ಬ್ಲಾಸ್ಟ್ ಸೇರಿದ ಮೇಲೆ ಈ ಕ್ಲಾಸಿಗೆ ಜೀವ ಬಂತು. ಎದುರಿನಿಂದ ಬರುವ ರಾಕೆಟ್ಟನ್ನು ರೈಟ್ ಕ್ಲಿಕ್ಕಿನ ಗಾಳಿಯಲ್ಲಿ ಹೊಡೆದವನ ಮೇಲೇ ತಿರುಗಿಸಬಹುದು, ಅದೂ ಮಿನಿ ಕ್ರಿಟ್ (ಮಾಮೂಲಿಗಿಂತ ಹೆಚ್ಚು ಪೆಟ್ಟು) ಸಮೇತ. ಬೆಂಕಿ ಹತ್ತಿದ ಜೊತೆಗಾರನನ್ನು ಆರಿಸಬಹುದು, ಆರಿಸಿದ್ದಕ್ಕೆ ನಮಗೂ 20 ಹೆಲ್ತ್ ಸಿಗುತ್ತದೆ. ನಾನು ಪೈರೋ ಬಿಟ್ಟು ಬೇರೆ ಕ್ಲಾಸಿಗೆ ಹೋಗದಿರುವುದಕ್ಕೆ ಈ ಒಂದು ರೈಟ್ ಕ್ಲಿಕ್ ಸಾಕು.

ನನ್ನ ತಮ್ಮ ಆಡುವುದು ರಾಕೆಟ್ ಹಾರಿಸುವ ಸೋಲ್ಜರ್. ಇಬ್ಬರೂ ಮೈಸೂರಿನ ಮನೆಯಲ್ಲಿ ಅಕ್ಕಪಕ್ಕದ ಕೋಣೆಯಲ್ಲಿ ಕೂತು, ಎಷ್ಟೋ ಸಲ ಎದುರಾಳಿ ತಂಡಗಳಲ್ಲೇ ಆಡುತ್ತೇವೆ. ಆಯುಧದ ಬ್ಯಾಲೆನ್ಸ್ ಸರಿಯಿದೆಯೋ ಇಲ್ಲವೋ ಅನ್ನುವುದು ಅವನು ಸತ್ತಾಗ ಏನು ಹೇಳುತ್ತಾನೆ ಅನ್ನುವುದರಲ್ಲೇ ಗೊತ್ತಾಗುತ್ತದೆ. ಅವನದೇ ರಾಕೆಟ್ಟನ್ನು ತಿರುಗಿಸಿ ಕೊಂದರೆ ಗೋಡೆಯಾಚೆಯಿಂದ "ಸೂಪರ್ ಅಕ್ಕ" ಅಂತ ಕೂಗು ಬರುತ್ತದೆ. ಉರಿಯುವ ಫ್ಲೇರ್ ಗುಂಡು ಹಾರಿಸುವ ಸ್ಕಾರ್ಚ್ ಶಾಟ್ ಹಿಡಿದು ಬಂದರೆ, "ಅಕ್ಕ, ಅದನ್ನ ಇಟ್ಕೊಂಡು ಬಂದ್ರೆ ನಾನ್ ಸರ್ವರ್ ಬಿಟ್ಟು ಹೋಗ್ತೀನಿ ನೋಡು!"

ಅವನ ಮಾತು ಸರಿ. ಮಾಮೂಲಿ ಫ್ಲೇರ್ ಗನ್ ನೋಡಿ: ಒಂದೇ ಗುಂಡು, ಗುರಿ ತಪ್ಪಿದರೆ ಹೋಯಿತು. ಆದರೆ ಉರಿಯುತ್ತಿರುವವನಿಗೆ ತಾಗಿಸಿದರೆ ಪೂರ್ತಿ ಕ್ರಿಟ್ (ಮೂರು ಪಟ್ಟು ಪೆಟ್ಟು), 90 ಡ್ಯಾಮೇಜ್. ಕೈಚಳಕಕ್ಕೆ ತಕ್ಕ ಫಲ. ಸ್ಕಾರ್ಚ್ ಶಾಟಿನ ಫ್ಲೇರ್ ಬಿದ್ದಲ್ಲಿ ಸಿಡಿದು ಸುತ್ತಲಿನವರಿಗೂ ಬೆಂಕಿ ಹಚ್ಚುತ್ತದೆ, ತಾಗಿದವನನ್ನು ತಳ್ಳುತ್ತದೆ, ಪುಟಿದು ಅವನಿಗೇ ಇನ್ನೊಮ್ಮೆ ಬಡಿಯುತ್ತದೆ. ಡ್ಯಾಮೇಜ್ 35% ಕಡಿಮೆ ಮಾಡಿದ್ದಾರೆ, ನಿಜ. ಆದರೆ ದೂರದಲ್ಲಿ ನಿಂತು ಗುಂಪಿನ ಕಡೆ ಸುಮ್ಮನೆ ಹಾರಿಸುವವನಿಗೆ ಅದರಿಂದ ಏನೂ ನಷ್ಟವಿಲ್ಲ. ಎದುರಿನವನು ಓಡಲಿ, ಹಾರಲಿ, ಬೆಂಕಿ ತಪ್ಪುವುದಿಲ್ಲ. ಸಾಯುವವನಿಗೂ ತಪ್ಪಿಸಿಕೊಳ್ಳಲು ಒಂದು ದಾರಿ ಇರಲೇಬೇಕು. ನಾನು ಆಯುಧಗಳನ್ನು ಅಳೆಯುವುದು ಹಾಗೆ. ಆ ಲೆಕ್ಕದಲ್ಲಿ ಸ್ಕಾರ್ಚ್ ಶಾಟ್ ಕೆಟ್ಟ ಆಯುಧ.

ಫ್ಲಾಜಿಸ್ಟಿನೇಟರ್ ಅನ್ನುವ ಫ್ಲೇಮ್‌ಥ್ರೋವರ್ ಬಗ್ಗೆ ಜನ ಇನ್ನೂ ಜೋರಾಗಿ ಬೈಯುತ್ತಾರೆ. 300 ಡ್ಯಾಮೇಜ್ ಮಾಡಿ ಮೀಟರ್ ತುಂಬಿಸಿ, ಟಾಂಟ್ (ಅಣಕಿಸುವ ಚಿಕ್ಕ ಅಭಿನಯ) ಮಾಡಿದರೆ 10 ಸೆಕೆಂಡು ಎಲ್ಲವೂ ಕ್ರಿಟ್. ಟಾಂಟ್ ಮಾಡುತ್ತಿರುವವನನ್ನು ಯಾರೂ ಏನೂ ಮಾಡಲಾಗದು. ಆದರೂ ನಾನು ಇದನ್ನು ಸ್ಕಾರ್ಚ್ ಶಾಟಿನಷ್ಟು ಕೆಟ್ಟದ್ದು ಅನ್ನಲಾರೆ. ಟಾಂಟ್ ಸದ್ದು ಕೇಳಿದವನು ಹಿಂದೆ ಸರಿಯಬಹುದು, ತಾನೇ ಗುಂಡು ಹಾರಿಸುವ ಸೆಂಟ್ರಿ ಗನ್ ಹತ್ತಿರ ಓಡಬಹುದು. ನನ್ನ ತಕರಾರು ಬೇರೆ: ಇದರಲ್ಲಿ ಏರ್‌ಬ್ಲಾಸ್ಟೇ ಇಲ್ಲ. ಸ್ವಂತ ತಂಡದ ಮೆಡಿಕ್ ಉರಿದು ಸಾಯುತ್ತಿದ್ದರೂ ನೋಡುತ್ತಾ ನಿಲ್ಲಬೇಕು.

ಇನ್ನು ಬಗ್‌ಗಳ ವಿಷಯ. 2017ಕ್ಕೆ ಮುಂಚೆ ಆಡಿದವರಿಗೆ ನೆನಪಿರುತ್ತದೆ, ತೆರೆಯ ಮೇಲೆ ಕಾಣುವ ಬೆಂಕಿ ಒಂದು ಕಡೆ, ಸರ್ವರ್ ಲೆಕ್ಕ ಹಾಕುವ ಬೆಂಕಿ ಇನ್ನೊಂದು ಕಡೆ. ಜ್ವಾಲೆಯೊಳಗೆ ನಿಂತವನಿಗೆ ಏನೂ ಆಗುತ್ತಿರಲಿಲ್ಲ, ಹೊರಗಿದ್ದವನು ಸುಡುತ್ತಿದ್ದ. 2016ರ ಜುಲೈನಲ್ಲಿ ಮುಂದಿನ ದೊಡ್ಡ ಅಪ್‌ಡೇಟ್ ಹೆವಿ ಅನ್ನುವ ಕ್ಲಾಸಿಗೋ ಪೈರೋಗೋ ಅಂತ ಆಟಗಾರರನ್ನೇ ಎರಡು ಪಾಳಯ ಮಾಡಿ ಸ್ಪರ್ಧೆಗೆ ಬಿಟ್ಟರು, ಪೈರೋ ಗೆದ್ದಿತು. ಫಲವಾಗಿ ಜಂಗಲ್ ಇನ್ಫರ್ನೋ 2017ರ ಅಕ್ಟೋಬರ್ 20ಕ್ಕೆ ಬಂತು. ಬೆಂಕಿಯನ್ನು ಹೊಸದಾಗಿ ಬರೆದರು. ಈಗ ಕಾಣುವ ಜ್ವಾಲೆಗೂ ಸುಡುವ ಜ್ವಾಲೆಗೂ ಹೆಚ್ಚು ವ್ಯತ್ಯಾಸವಿಲ್ಲ. ಗುರಿಯನ್ನು ಬಿಡದೆ ಹಿಡಿದಷ್ಟೂ ಡ್ಯಾಮೇಜ್ ಏರುತ್ತದೆ, ಆಫ್ಟರ್‌ಬರ್ನ್ (ಬೆಂಕಿ ಹತ್ತಿದ ಮೇಲೂ ಉಳಿಯುವ ಉರಿ) ಕೂಡ ಹಿಡಿದಷ್ಟು ಹೊತ್ತಿಗೆ ತಕ್ಕಂತೆ ಹೆಚ್ಚೆಂದರೆ 10 ಸೆಕೆಂಡಿನವರೆಗೆ ಬೆಳೆಯುತ್ತದೆ. ಒಮ್ಮೆ ಸುಮ್ಮನೆ ಸವರಿ ಓಡಿಹೋಗುವವನಿಗೆ ಮೊದಲಿನ ಲಾಭ ಇಲ್ಲ. ಏರ್‌ಬ್ಲಾಸ್ಟಿಗೆ ಸಿಕ್ಕವನು ಗಾಳಿಯಲ್ಲಿ ದಿಕ್ಕು ಬದಲಿಸಿಕೊಳ್ಳಲಾಗದೆ ಗೋಡೆಗೆ ಅಂಟಿಕೊಳ್ಳುತ್ತಿದ್ದದ್ದೂ ನಿಂತಿತು. ಇದೆಲ್ಲಾ ಒಳ್ಳೆಯ ಕೆಲಸ, ಮನಸಾರೆ ಹೇಳುತ್ತೇನೆ.

ಆದರೆ ಆಕ್ಸ್‌ಟಿಂಗ್ವಿಷರ್ ಅನ್ನುವ ಕೊಡಲಿಗೆ ಆದದ್ದು ನನಗೆ ಇಂದಿಗೂ ಬೇಸರ. ಮೊದಲು ಉರಿಯುವವನಿಗೆ ಇದರ ಏಟು 195 ಡ್ಯಾಮೇಜ್. ಆಯುಧ ಬೇಗ ಬದಲಿಸಲು ಬಿಡುವ ಫ್ಲೇಮ್‌ಥ್ರೋವರ್ ಡಿಗ್ರೀಸರ್ ಜೊತೆ ಸೇರಿದರೆ ವಿಪರೀತವಾಗುತ್ತಿತ್ತು: ಹಚ್ಚು, ಗಾಳಿಯಲ್ಲಿ ಎತ್ತು, ಆಯುಧ ಬದಲಿಸು, ಕಡಿ. ನರ್ಫ್ (ಬಲ ತಗ್ಗಿಸುವುದು) ಬೇಕಿತ್ತು. ಆದರೆ ಎರಡು ಸಲ ನರ್ಫ್ ಮಾಡಿ ಈಗ ಬರೀ ಮಿನಿ ಕ್ರಿಟ್‌ಗೆ ಇಳಿಸಿದ್ದಾರೆ, ಉಳಿದ ಬೆಂಕಿಯ ಲೆಕ್ಕಕ್ಕೆ ಒಂದಿಷ್ಟು ಹೆಚ್ಚುವರಿ ಡ್ಯಾಮೇಜ್ ಕೊಟ್ಟು ಆ ಬೆಂಕಿಯನ್ನೂ ಆರಿಸುತ್ತದೆ. ಡಿಗ್ರೀಸರಿನ ಆಫ್ಟರ್‌ಬರ್ನ್ ಡ್ಯಾಮೇಜನ್ನೂ 66% ಕತ್ತರಿಸಿದರು. ಎರಡರಲ್ಲಿ ಒಂದನ್ನು ತಗ್ಗಿಸಿದ್ದರೆ ಸಾಕಿತ್ತು.

ಜಂಗಲ್ ಇನ್ಫರ್ನೋದಲ್ಲೇ ಬಂದ ಡ್ರ್ಯಾಗನ್ಸ್ ಫ್ಯೂರಿ ನನ್ನ ಮೆಚ್ಚಿನ ಆಯುಧ. ಒಂದೊಂದೇ ಬೆಂಕಿ ಉಂಡೆ, ಬರೀ 40 ಅಮ್ಮೋ (ಮದ್ದುಗುಂಡು). ಮೊದಲನೆಯದಕ್ಕೆ 25, ಉರಿಯುತ್ತಿರುವವನಿಗೆ ತಾಗಿದರೆ 75. ತಾಗಿದರೆ ಮುಂದಿನದು ಬೇಗ ತಯಾರಾಗುತ್ತದೆ, ತಪ್ಪಿದರೆ ಕಾಯಬೇಕು. ಏರ್‌ಬ್ಲಾಸ್ಟಿಗೂ ಉಂಡೆಗೂ ಒಂದೇ ಪ್ರೆಶರ್, ಆದ್ದರಿಂದ ರಾಕೆಟ್ ತಿರುಗಿಸಿದ ಕೂಡಲೇ ಹೊಡೆಯಲು ಆಗುವುದಿಲ್ಲ. ಆ ಅಂತರವೇ ಎದುರಿನವನಿಗೆ ಸಿಗುವ ಅವಕಾಶ. ಜೊತೆಗೆ ಬಂದ, ಎಸೆಯುವ ಪೆಟ್ರೋಲ್ ಡಬ್ಬಿ ಗ್ಯಾಸ್ ಪಾಸರ್ ಮಾತ್ರ ವಿಚಿತ್ರ: ಮಾಮೂಲಿ ಆಟದಲ್ಲಿ ಕೈಗೆ ಬರುವುದೇ ನಿಧಾನ, ಆರು ಜನ ಸೇರಿ ರೋಬೋಗಳ ವಿರುದ್ಧ ಆಡುವ ಎಂವಿಎಂನಲ್ಲಿ ಸಿಡಿಯುವ ಅಪ್‌ಗ್ರೇಡ್ ಕೊಂಡರೆ ಒಂದೇ ಎಸೆತಕ್ಕೆ ರೋಬೋಗಳ ಗುಂಪೇ ಖಾಲಿ, ಉಳಿದ ಐವರಿಗೆ ಕೆಲಸವಿರುವುದಿಲ್ಲ.

ನಮ್ಮ ಊರಿನ ಆಟಗಾರರು ಬಗ್ ಅಂದುಕೊಳ್ಳುವ ಒಂದು ವಿಷಯ ಬಗ್ ಅಲ್ಲ: ಸರಿಯಾದ ಹೊತ್ತಿಗೇ ಏರ್‌ಬ್ಲಾಸ್ಟ್ ಒತ್ತಿದರೂ ರಾಕೆಟ್ ತಾಗುವುದು. ಮುಂಬೈ ಸರ್ವರ್ ತುಂಬದ ದಿನ ಸಿಂಗಪುರಕ್ಕೆ ಹೋಗುತ್ತೇವೆ, ಪಿಂಗ್ (ಸರ್ವರ್‌ಗೆ ಸಂದೇಶ ಹೋಗಿ ಬರುವ ಸಮಯ) 70 ಮಿಲಿಸೆಕೆಂಡಿನ ಸುಮಾರು. ಗುಂಡಿನ ಆಯುಧಗಳಿಗೆ ಸರ್ವರ್ ಈ ತಡವನ್ನು ಸರಿದೂಗಿಸುತ್ತದೆ, ರಾಕೆಟ್‌ನಂಥವಕ್ಕೆ ಇಲ್ಲ. ರಾಕೆಟ್ ಸೆಕೆಂಡಿಗೆ 1100 ಯೂನಿಟ್ ಓಡುತ್ತದೆ. 70 ಮಿಲಿಸೆಕೆಂಡಿನಲ್ಲಿ ಸುಮಾರು 75 ಯೂನಿಟ್, ಅಂದರೆ ಒಬ್ಬ ಆಟಗಾರನ ಅಗಲಕ್ಕಿಂತ ಹೆಚ್ಚು. ಇದರ ಮೇಲೆ ಇಂಟರ್ಪ್ (ಚಿತ್ರವನ್ನು ಎಷ್ಟು ತಡವಾಗಿ ತೋರಿಸಬೇಕು ಅನ್ನುವ) ಸೆಟ್ಟಿಂಗ್ ಹಳೆಯ 0.1ರಲ್ಲೇ ಇದ್ದರೆ ಇನ್ನೂ 100 ಮಿಲಿಸೆಕೆಂಡು ಹಳೆಯ ಚಿತ್ರ ನೋಡುತ್ತಿರುತ್ತೀರಿ. ಆಟದ ಕಮಾಂಡ್ ಕನ್ಸೋಲ್‌ನಲ್ಲಿ ಅದನ್ನು ಇಳಿಸಿ, ರಾಕೆಟ್ ಮುಖಕ್ಕೆ ಬರುವ ತನಕ ಕಾಯಬೇಡಿ.

2025ರ ಫೆಬ್ರವರಿಯಲ್ಲಿ ಆಟದ ಸೋರ್ಸ್ ಕೋಡ್ ಹೊರಬಂದ ಮೇಲೆ, ಆಟಗಾರರೇ ಬರೆದ ದುರಸ್ತಿಗಳು ಪ್ಯಾಚ್‌ಗಳಲ್ಲಿ ಸೇರುತ್ತಿವೆ. ಅದು ತುಂಬಾ ಖುಷಿ ಕೊಡುವ ಸುದ್ದಿ.

ಆಟ 2011ರಿಂದ ಉಚಿತ, ಹಾಗಾಗಿ ಪೈರೋ ಕಲಿಯಲು ದುಡ್ಡು ಬೇಡ. ಮೊದಲಿಗೆ ಸ್ಟಾಕ್ (ಆಟದ ಜೊತೆಗೇ ಸಿಗುವ) ಫ್ಲೇಮ್‌ಥ್ರೋವರ್, ಫ್ಲೇರ್ ಗನ್, ಜೊತೆಗೆ ಹತ್ತಿರದಿಂದ ಬಡಿಯುವ ಆಯುಧ ಪವರ್‌ಜಾಕ್ ಹಿಡಿಯಿರಿ. ಪವರ್‌ಜಾಕ್ ಕೈಯಲ್ಲಿದ್ದಾಗ ಓಟ 15% ಜಾಸ್ತಿ, ತಿನ್ನುವ ಏಟೂ 20% ಜಾಸ್ತಿ, ಆದ್ದರಿಂದ ದಾರಿ ಸವೆಸಲು ಮಾತ್ರ ತೆಗೆಯಿರಿ. 200 ಅಮ್ಮೋದಲ್ಲಿ ಏರ್‌ಬ್ಲಾಸ್ಟ್ ಒಂದಕ್ಕೆ 20 ಖರ್ಚು, ಬೆಂಕಿ ಕಾರುವಾಗ ಅದನ್ನು ಮರೆಯಬೇಡಿ. ಕೈ ಪಳಗಿಸಿಕೊಳ್ಳಲು ಡಾಡ್ಜ್‌ಬಾಲ್ ಸರ್ವರ್‌ಗಳಿಗೆ ಹೋಗಿ. ಅಲ್ಲಿ ಎಲ್ಲರೂ ಪೈರೋಗಳೇ, ಹಿಂಬಾಲಿಸಿ ಬರುವ ರಾಕೆಟ್ ಪ್ರತಿ ಸಲ ತಿರುಗಿಸಿದಾಗಲೂ ವೇಗ ಹೆಚ್ಚಿಸಿಕೊಳ್ಳುತ್ತದೆ.